ಶರೀಅತ್‌ಗೆ ಒಪ್ಪುವ ಷೇರು: ವಾರ್ಷಿಕ ವರದಿ ಓದಿ ನೀವೇ ಲೆಕ್ಕ ಹಾಕುವ ಬಗೆ

ನನ್ನ ಕೆಲಸ ಲೆಕ್ಕಪರಿಶೋಧನೆ. ಕಂಪನಿಗಳ ಲೆಕ್ಕಪುಸ್ತಕ ಓದುವುದೇ ನನ್ನ ದಿನನಿತ್ಯದ ಪಾಡು. ಅದಕ್ಕೇ ಇರಬೇಕು, ನೆಂಟರು, ಗೆಳತಿಯರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಷೇರು ತಗೋಬಹುದಾ? ಹಲಾಲ್ ಹೌದಾ?" ಅವರ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ಆ್ಯಪ್ ಆ ಕಂಪನಿಗೆ ಹಸಿರು ಗುರುತು ಹಾಕಿರುತ್ತದೆ. ಇನ್ನೊಂದು ಆ್ಯಪ್ ಅದೇ ಕಂಪನಿಗೆ ಕೆಂಪು ಗುರುತು ಹಾಕಿರುತ್ತದೆ. ಯಾವುದನ್ನು ನಂಬೋದು?

ಗುರುತು ನೋಡಿ ಅಲ್ಲಿಗೇ ನಿಲ್ಲಬೇಡಿ, ಲೆಕ್ಕ ನೀವೇ ಹಾಕಿ ಅನ್ನುವುದು ನನ್ನ ಮಾತು. ಕೂಡುವುದು, ಭಾಗಿಸುವುದು ಬಂದರೆ ಸಾಕು. ಬೇಕಾದ ಅಂಕಿಗಳೆಲ್ಲ ಕಂಪನಿಯ ವಾರ್ಷಿಕ ವರದಿಯಲ್ಲಿವೆ, ಅದು ಕಂಪನಿಯ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ನಾನು ಮುಫ್ತಿ ಅಲ್ಲ, ಫತ್ವಾ ಕೊಡುವ ಅಧಿಕಾರ ನನಗಿಲ್ಲ. ವಿದ್ವಾಂಸರು ಎಳೆದ ಗೆರೆಯನ್ನು ಅಂಕಿಗಳ ಪಕ್ಕ ಇಟ್ಟು ನೋಡುವುದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಷೇರು ಕೊಂಡರೆ ನೀವು ಮಾಲೀಕರು

ಷೇರು ಅಂದರೆ ಕಂಪನಿಯಲ್ಲಿ ಒಂದು ಪಾಲು. ಲಾಭ ಬಂದರೆ ನಿಮಗೂ ಬಂತು, ನಷ್ಟವಾದರೆ ನಿಮಗೂ ಆಯಿತು. ನಾಲ್ಕು ಜನ ಹಣ ಹಾಕಿ ಒಟ್ಟಿಗೆ ವ್ಯಾಪಾರ ಮಾಡುವ ಮುಶಾರಕಾಕ್ಕೆ ಇದು ಹತ್ತಿರ. "ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನು ಹರಾಮ್ ಮಾಡಿದ್ದಾನೆ" ಎಂದು ಖುರ್‌ಆನಿನ ಅಲ್‌ಬಕರ ಅಧ್ಯಾಯದ 275ನೇ ವಚನ ಹೇಳುತ್ತದೆ. ಸಾಮಾನ್ಯ ಷೇರು ವ್ಯಾಪಾರದ ಕಡೆ ನಿಲ್ಲುತ್ತದೆ. ಬಾಂಡ್, ಡಿಬೆಂಚರ್ ಅಂದರೆ ಕಂಪನಿಗೆ ಕೊಟ್ಟ ಸಾಲ, ಅವು ಬಡ್ಡಿಯ ಕಡೆ. ಆದ್ಯತಾ ಷೇರುಗಳಿಗೂ ಷೇರು ಎಂಬ ಹೆಸರಿದೆ. ಆದರೆ ಅವುಗಳಿಗೆ ನಿಗದಿತ ಲಾಭಾಂಶ, ಕಂಪನಿ ಮುಚ್ಚಿದಾಗ ಮೊದಲ ಹಕ್ಕು ಇರುತ್ತದೆ. ಹಣದ ವಿಷಯದಲ್ಲಿ ಉಳಿದ ಪಾಲುದಾರರಿಗಿಂತ ಮುಂದೆ ನಿಲ್ಲಿಸುವ ಇಂಥ ಷೇರುಗಳು ಸಲ್ಲುವುದಿಲ್ಲ ಎಂದು ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1992ರಲ್ಲೇ ಹೇಳಿದೆ. ಹಾಗಾಗಿ ಇಲ್ಲಿ ಷೇರು ಅಂದಾಗಲೆಲ್ಲ ಸಾಮಾನ್ಯ ಷೇರು ಎಂದೇ ತಿಳಿದುಕೊಳ್ಳಿ.

ಮಾಲೀಕರು ಅಂದ ಮೇಲೆ ಕಂಪನಿ ಮಾಡುವ ಒಳ್ಳೆಯದು ಕೆಟ್ಟದ್ದರಲ್ಲೆಲ್ಲ ನಿಮ್ಮ ಪಾಲಿದೆ, ಅಲ್ವಾ? ತೊಡಕು ಶುರುವಾಗುವುದೇ ಇಲ್ಲಿ. ಔಷಧ ಮಾಡುವ ಕಂಪನಿಯೂ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ಪಡೆಯುತ್ತದೆ. ಬಟ್ಟೆ ನೇಯುವ ಕಂಪನಿಯೂ ಬಡ್ಡಿಗೆ ಸಾಲ ತಂದಿರುತ್ತದೆ. ಬಡ್ಡಿಯ ಸೋಂಕೇ ಇಲ್ಲದ ದೊಡ್ಡ ಕಂಪನಿ ಹುಡುಕುವುದು ಬಹಳ ಕಷ್ಟ.

ಇಂಥ ಕಂಪನಿಯ ಷೇರು ಕೊಳ್ಳಬಹುದೇ ಎಂಬ ಬಗ್ಗೆ ಉಲಮಾಗಳಲ್ಲಿ, ಅಂದರೆ ಧರ್ಮ ವಿದ್ವಾಂಸರಲ್ಲಿ, ಎರಡು ನಿಲುವುಗಳಿವೆ. ಕೆಲಸ ಹಲಾಲ್ ಆಗಿದ್ದರೂ ಆಗಾಗ ಬಡ್ಡಿ ವ್ಯವಹಾರ ಮಾಡುವ ಕಂಪನಿಯಲ್ಲಿ ಪಾಲು ಪಡೆಯುವುದು ಮೂಲತಃ ನಿಷಿದ್ಧ ಎಂದು ಮೇಲೆ ಹೇಳಿದ ಅಕಾಡೆಮಿಯ 63ನೇ ನಿರ್ಣಯ ಹೇಳುತ್ತದೆ. ಮುಫ್ತಿ ತಖೀ ಉಸ್ಮಾನಿಯವರಂಥ ವಿದ್ವಾಂಸರು ಷರತ್ತುಗಳ ಮೇಲೆ ಒಪ್ಪಿದ್ದಾರೆ. ಬಹರೈನ್‌ನ ಅಯೋಫಿ ಸಂಸ್ಥೆ ಇಸ್ಲಾಮಿಕ್ ಹಣಕಾಸಿಗೆ ಲೆಕ್ಕಪತ್ರ ಮತ್ತು ಶರೀಅತ್ ಮಾನದಂಡಗಳನ್ನು ರೂಪಿಸುತ್ತದೆ. ಅದು ತನ್ನ 21ನೇ ಶರೀಅತ್ ಮಾನದಂಡದಲ್ಲಿ ಆ ಷರತ್ತುಗಳಿಗೆ ಅಂಕಿಯ ರೂಪ ಕೊಟ್ಟಿದೆ. ಮೊದಲ ನಿಲುವು ನಿಮ್ಮ ಮನಸ್ಸಿಗೆ ಒಪ್ಪಿದರೆ ಅದರಂತೆ ನಡೆಯಿರಿ, ಅದಕ್ಕೆ ನನ್ನ ಪೂರ್ತಿ ಗೌರವವಿದೆ. ಎರಡನೆಯದನ್ನು ಹಿಡಿದವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಅಲ್ಲಿ ಬರುವ ಶೇಕಡಾ 30, ಶೇಕಡಾ 5 ಎಂಬ ಮಿತಿಗಳು (ವಿವರ ಮುಂದಿದೆ) ಅನಿವಾರ್ಯಕ್ಕೆ ಕೊಟ್ಟ ರಿಯಾಯಿತಿಯ ಕೊನೆಯ ಗೆರೆಗಳು. ಅಷ್ಟರವರೆಗೆ ಬಡ್ಡಿ ಹಲಾಲ್ ಅಂತ ಯಾರೂ ಹೇಳಿಲ್ಲ.

ಕಂಪನಿ ಏನು ಮಾಡುತ್ತದೆ?

ಬ್ಯಾಂಕು, ಬಡ್ಡಿ ಆಧಾರದ ಹಣಕಾಸು ಕಂಪನಿ, ಸಾಂಪ್ರದಾಯಿಕ ವಿಮೆ, ಮದ್ಯ, ಹಂದಿಮಾಂಸ, ಜೂಜು, ಅಶ್ಲೀಲ ಮನರಂಜನೆ, ತಂಬಾಕು: ಇವು ಬೇಡ. ಇದರಲ್ಲಿ ಹೆಚ್ಚು ಯೋಚಿಸುವುದೇನಿಲ್ಲ.

ಯೋಚಿಸಬೇಕಾಗುವುದು ಹೋಟೆಲ್, ವಿಮಾನ, ಸೂಪರ್‌ಮಾರ್ಕೆಟ್, ಸಿನಿಮಾ, ಜಾಹೀರಾತು ಕಂಪನಿಗಳ ವಿಷಯದಲ್ಲಿ. ವಾರ್ಷಿಕ ವರದಿಯ ಹಿಂಭಾಗದಲ್ಲಿ 'ವಿಭಾಗವಾರು ವರದಿ' ಎಂಬ ಟಿಪ್ಪಣಿ ಇರುತ್ತದೆ. ಯಾವ ವಿಭಾಗದಿಂದ ಎಷ್ಟು ಆದಾಯ ಬಂತು ಎಂದು ಅಲ್ಲಿ ಒಡೆದು ಬರೆದಿರುತ್ತಾರೆ. ಮುಖಪುಟದ ಹಸಿರು ಹೊಲದ ಚಿತ್ರ ನೋಡಿ ಕೃಷಿ ಕಂಪನಿ ಅಂದುಕೊಂಡದ್ದು, ಈ ಟಿಪ್ಪಣಿ ತೆರೆದಾಗ ರೈತರಿಗೆ ಬಡ್ಡಿ ಸಾಲ ಕೊಟ್ಟೇ ಜಾಸ್ತಿ ದುಡಿಯುವ ಕಂಪನಿ ಎಂದು ಗೊತ್ತಾಗಬಹುದು. ವಾಹನ ಮಾರುವ ಕಂಪನಿಗಳಿಗೂ ಸಾಲ ಕೊಡುವ ಅಂಗಸಂಸ್ಥೆ ಇರುವುದು ಸಾಮಾನ್ಯ.

'ಸಹವರ್ತಿ ಕಂಪನಿಗಳು' ಎಂಬ ಟಿಪ್ಪಣಿಯನ್ನೂ ಬಿಡಬೇಡಿ. ಇನ್ನೊಂದು ಕಂಪನಿಯಲ್ಲಿ ಶೇಕಡಾ 20ರಿಂದ 50ರಷ್ಟು ಪಾಲಿದ್ದರೆ ಸಾಮಾನ್ಯವಾಗಿ ಅದರ ಆದಾಯ ಒಟ್ಟು ಮಾರಾಟದಲ್ಲಿ ಸೇರುವುದಿಲ್ಲ. ಲಾಭದ ಪಾಲು ಮಾತ್ರ ಒಂದೇ ಸಾಲಿನಲ್ಲಿ ಬಂದು ಕೂತಿರುತ್ತದೆ. ಆ ಕಂಪನಿ ವಿಮೆ ಮಾರುತ್ತಿದೆಯೋ, ಮದ್ಯ ಮಾರುತ್ತಿದೆಯೋ ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಹೆಸರು ಹುಡುಕಿ ನೋಡಲೇಬೇಕು.

ಸಾಲದ ಲೆಕ್ಕ

ಇಲ್ಲಿ ನಿಧಾನ ಮಾಡೋಣ. ಆ್ಯಪ್‌ಗಳು ಒಂದೊಂದು ಥರ ಹೇಳುವುದಕ್ಕೆ ಮುಖ್ಯ ಕಾರಣ ಇದೇ ಲೆಕ್ಕ.

ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ನೀರಿನ ಪೈಪು ಮಾಡುತ್ತದೆ. ಅದರ ಷೇರುಗಳು 10 ಕೋಟಿ, ಒಂದರ ದರ 400. ಅಂದರೆ ಮಾರುಕಟ್ಟೆ ಮೌಲ್ಯ 4,000 ಕೋಟಿ. ಬಡ್ಡಿಗೆ ತಂದ ಸಾಲ ಒಟ್ಟು 900 ಕೋಟಿ. ಆಸ್ತಿ ಪಟ್ಟಿಯಲ್ಲಿ (ಬ್ಯಾಲೆನ್ಸ್ ಶೀಟ್) ತೋರಿಸಿದ ಒಟ್ಟು ಆಸ್ತಿ 2,500 ಕೋಟಿ.

ಅಯೋಫಿ ಪ್ರಕಾರ ಬಡ್ಡಿ ಸಾಲ ಮಾರುಕಟ್ಟೆ ಮೌಲ್ಯದ ಶೇಕಡಾ 30 ದಾಟಬಾರದು. 900 ಭಾಗಿಸು 4,000, ಅಂದರೆ ಶೇಕಡಾ 22.5. ಪಾಸು. ಷೇರು ಸೂಚ್ಯಂಕ ರೂಪಿಸುವ ಎಂಎಸ್‌ಸಿಐ ಸಂಸ್ಥೆಯ ಇಸ್ಲಾಮಿಕ್ ಸೂಚ್ಯಂಕ ಸಾಲವನ್ನು ಒಟ್ಟು ಆಸ್ತಿಯ ಜೊತೆ ಹೋಲಿಸುತ್ತದೆ, ಮಿತಿ ಶೇಕಡಾ 33.33. 900 ಭಾಗಿಸು 2,500, ಅಂದರೆ ಶೇಕಡಾ 36. ಫೇಲು. ಕಂಪನಿ ಅದೇ, ದಿನವೂ ಅದೇ. ಹಸಿರು ಗುರುತೂ ಸುಳ್ಳಲ್ಲ, ಕೆಂಪು ಗುರುತೂ ಸುಳ್ಳಲ್ಲ.

ಮಲೇಷ್ಯಾದ ಷೇರು ಮಾರುಕಟ್ಟೆಯ ನಿಯಂತ್ರಕ ಸೆಕ್ಯುರಿಟೀಸ್ ಕಮಿಷನ್ ಕೂಡ ಒಟ್ಟು ಆಸ್ತಿಯನ್ನೇ ಹಿಡಿಯುತ್ತದೆ, ಮಿತಿ ಶೇಕಡಾ 33. 1999ರಲ್ಲಿ ಶುರುವಾದ ಡೌ ಜೋನ್ಸ್ ಇಸ್ಲಾಮಿಕ್ ಸೂಚ್ಯಂಕ ಮಾರುಕಟ್ಟೆ ಮೌಲ್ಯವನ್ನು ಹಿಡಿಯುತ್ತದೆ, ಆದರೆ ಹಿಂದಿನ 24 ತಿಂಗಳ ಸರಾಸರಿ ತೆಗೆದುಕೊಳ್ಳುತ್ತದೆ. ಎಸ್ ಆ್ಯಂಡ್ ಪಿ ಶರೀಅತ್ ಸೂಚ್ಯಂಕಗಳದ್ದು 36 ತಿಂಗಳ ಸರಾಸರಿ. ಈ ಮೂರನೇ ಒಂದು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಸಅದ್ ಬಿನ್ ಅಬೀ ವಕ್ಕಾಸ್ ಅವರು ಉಯಿಲಿನ ಬಗ್ಗೆ ಕೇಳಿದಾಗ ಪ್ರವಾದಿ(ಸ) ಅವರು "ಮೂರನೇ ಒಂದು, ಅದೂ ಹೆಚ್ಚೇ" ಎಂದ ಹದೀಸಿದೆ. ಅದು ಆಸ್ತಿ ಹಂಚಿಕೆಯ ಮಾತು. ವಿದ್ವಾಂಸರು ಅಲ್ಲಿಂದ 'ಹೆಚ್ಚು' ಎಂಬುದರ ಅಳತೆಯನ್ನು ಇಲ್ಲಿಗೆ ತಂದುಕೊಂಡರು.

ಮಾರುಕಟ್ಟೆ ಮೌಲ್ಯದ ಲೆಕ್ಕ ನನಗೆ ಪೂರ್ತಿ ಸಮಾಧಾನ ತರುವುದಿಲ್ಲ. ಅದು ರಬ್ಬರ್ ಟೇಪು ಹಿಡಿದು ಉದ್ದ ಅಳೆದ ಹಾಗೆ. ನಮ್ಮ ಪೈಪು ಕಂಪನಿಯ ಷೇರು 400ರಿಂದ 200ಕ್ಕೆ ಬಿದ್ದರೆ ಮೌಲ್ಯ 2,000 ಕೋಟಿ ಆಗುತ್ತದೆ. ಸಾಲ ಒಂದು ಪೈಸೆ ಹೆಚ್ಚಾಗಿಲ್ಲ, ಆದರೂ ಅನುಪಾತ ಶೇಕಡಾ 45ಕ್ಕೆ ಜಿಗಿಯಿತು. ತಿರುಗಾಮುರುಗಾ ಯೋಚಿಸಿ. ಮಾರುಕಟ್ಟೆ ಉಬ್ಬಿದಾಗ ಸಾಲದಲ್ಲಿ ಮುಳುಗಿದ ಕಂಪನಿಯೂ ಶುದ್ಧವಾಗಿ ಕಾಣುತ್ತದೆ. ಜನ ಹುಚ್ಚೆದ್ದು ಷೇರು ಕೊಳ್ಳುವ ಕಾಲವೂ ಅದೇ.

ಅದಕ್ಕೆ ನಾನು ಎರಡೂ ಲೆಕ್ಕ ಹಾಕುತ್ತೇನೆ. ಎರಡರಲ್ಲೂ ಪಾಸಾದರೆ ಮಾತ್ರ ಮುಂದಿನ ಪುಟ ತಿರುಗಿಸುತ್ತೇನೆ. ಇದು ನನ್ನ ಸ್ವಂತ ಕಟ್ಟುಪಾಡು, ಶರೀಅತ್ ನಿಯಮ ಎಂದು ಯಾರ ಮೇಲೂ ಹೇರುವುದಿಲ್ಲ. ನೀವು ಒಂದನ್ನೇ ಹಿಡಿಯುವುದಾದರೆ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಇಷ್ಟವಾದ ಷೇರು ಒಂದು ಮಾನದಂಡದಲ್ಲಿ ಫೇಲಾಯಿತು ಅಂತ ಇನ್ನೊಂದಕ್ಕೆ ಜಿಗಿಯುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಸಾಲವನ್ನು ವರದಿಯಲ್ಲಿ ಎಲ್ಲಿ ಹುಡುಕುವುದು? ದೀರ್ಘಾವಧಿ ಸಾಲ ಒಂದು ಕಡೆ, ಅಲ್ಪಾವಧಿ ಸಾಲ ಇನ್ನೊಂದು ಕಡೆ ಇರುತ್ತದೆ. ಈ ವರ್ಷ ತೀರಿಸಬೇಕಾದ ದೀರ್ಘಾವಧಿ ಸಾಲದ ಕಂತನ್ನು ಕೆಲವರು ಮೂರನೇ ಜಾಗದಲ್ಲಿ ಇಟ್ಟಿರುತ್ತಾರೆ. ಮೂರನ್ನೂ ಕೂಡಿ. 'ವ್ಯಾಪಾರ ಬಾಕಿ' ಅಂದರೆ ಸಾಮಾನು ಕೊಟ್ಟವರಿಗೆ ಕೊಡಬೇಕಾದ ಹಣ. ಅದಕ್ಕೆ ಬಡ್ಡಿ ಇಲ್ಲ, ಅದನ್ನು ಸೇರಿಸಬೇಡಿ. ಗುತ್ತಿಗೆ ಹೊಣೆಯ ವಿಷಯ ಬೇರೆ. ಐಎಫ್‌ಆರ್‌ಎಸ್ 16 ಎಂಬ ಲೆಕ್ಕಪತ್ರ ನಿಯಮ 2019ರಲ್ಲಿ ಜಾರಿಗೆ ಬಂದ ಮೇಲೆ ಬಾಡಿಗೆಗೆ ಪಡೆದ ಅಂಗಡಿ, ವಿಮಾನ, ಯಂತ್ರಗಳ ಮುಂದಿನ ಬಾಡಿಗೆಯೂ ಹೊಣೆಯಾಗಿ ಆಸ್ತಿ ಪಟ್ಟಿಯೊಳಗೆ ಬಂತು. ನೋಡಲು ಸಾಲದ ಹಾಗೇ ಇರುತ್ತದೆ. ಬಾಡಿಗೆ ಹಲಾಲ್ ವ್ಯವಹಾರ. ಹಾಗಾಗಿ ನಾನು ಅದನ್ನು ಬಡ್ಡಿ ಸಾಲಕ್ಕೆ ಸೇರಿಸದೆ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಕೆಲವು ಆ್ಯಪ್‌ಗಳು ಸೇರಿಸಿಬಿಡುತ್ತವೆ. ತುಂಬಾ ಅಂಗಡಿಗಳಿರುವ ಕಂಪನಿಗೆ ಕೆಂಪು ಗುರುತು ಕಂಡರೆ ಕಾರಣ ಇದೂ ಇರಬಹುದು.

ಇನ್ನೊಂದು ಮಾತು. ಆಸ್ತಿ ಪಟ್ಟಿ ಅನ್ನುವುದು ವರ್ಷದ ಒಂದೇ ಒಂದು ದಿನದ ಚಿತ್ರ. ಆ ದಿನಕ್ಕೆ ಸಾಲ ತೀರಿಸಿ ಮರುವಾರ ಮತ್ತೆ ಎತ್ತುವ ಕಂಪನಿಗಳೂ ಇವೆ. ಬಡ್ಡಿ ಖರ್ಚನ್ನು ಸಾಲದಿಂದ ಭಾಗಿಸಿ ನೋಡಿ. ಸಾಲ 100, ಬಡ್ಡಿ ಖರ್ಚು 25 ಅಂತ ಬಂದರೆ ವರ್ಷದುದ್ದಕ್ಕೂ ಸಾಲ ಇನ್ನೂ ಜಾಸ್ತಿ ಇತ್ತು ಎಂದೇ ಅರ್ಥ. ಅರ್ಧವಾರ್ಷಿಕ ವರದಿ ತೆಗೆದು ಹೋಲಿಸಿ.

ಬಡ್ಡಿ ತರುವ ಠೇವಣಿ

ಬ್ಯಾಂಕ್ ಠೇವಣಿ, ಬಾಂಡ್, ಹಣದ ಮಾರುಕಟ್ಟೆಯ ನಿಧಿಗಳು, ಬೇರೆ ಕಂಪನಿಗೆ ಬಡ್ಡಿಗೆ ಕೊಟ್ಟ ಹಣ: ಎಲ್ಲ ಸೇರಿ ಅಯೋಫಿ ಪ್ರಕಾರ ಮಾರುಕಟ್ಟೆ ಮೌಲ್ಯದ ಶೇಕಡಾ 30ರ ಒಳಗಿರಬೇಕು. ನನ್ನ ಎರಡು ಲೆಕ್ಕದಲ್ಲಿ ಒಂದರಲ್ಲಿ ಪೈಪು ಕಂಪನಿ ಫೇಲಾಗಿದೆ, ಆದರೂ ಲೆಕ್ಕ ತೋರಿಸಲು ಅದನ್ನೇ ಮುಂದುವರಿಸುತ್ತೇನೆ. ಅದರಲ್ಲಿ ಇದು 800 ಕೋಟಿ ಎಂದಿಟ್ಟುಕೊಳ್ಳಿ. ಮೌಲ್ಯದ ಶೇಕಡಾ 20, ಆಸ್ತಿಯ ಶೇಕಡಾ 32. 'ಚಾಲ್ತಿ ಹೂಡಿಕೆಗಳು' ಎಂಬ ಸಾಲಿನ ಟಿಪ್ಪಣಿ ತೆರೆಯದೆ ಇದು ಪೂರ್ತಿ ಸಿಗುವುದಿಲ್ಲ.

ಶೇಕಡಾ 5ರ ಆದಾಯ

ನಿಷಿದ್ಧ ಮೂಲದ ಆದಾಯ ಒಟ್ಟು ಆದಾಯದ ಶೇಕಡಾ 5 ದಾಟಬಾರದು. ಬಡ್ಡಿಯೂ ಇದರಲ್ಲಿ ಸೇರಿತು. ಇಲ್ಲಿ ಜಾಣ ಓದುಗರೂ ಎಡವುವ ಒಂದು ಜಾಗವಿದೆ. ಲಾಭ ನಷ್ಟದ ಪಟ್ಟಿಯಲ್ಲಿ 'ನಿವ್ವಳ ಹಣಕಾಸು ವೆಚ್ಚ' ಅಂತ ಒಂದೇ ಸಾಲು ಇರಬಹುದು. ಕೊಟ್ಟ ಬಡ್ಡಿ 70, ಬಂದ ಬಡ್ಡಿ 30, ನಿವ್ವಳ 40 ಖರ್ಚು. ಮೇಲೆ ನೋಡಿದರೆ ಬಡ್ಡಿ ಆದಾಯವೇ ಇಲ್ಲದ ಹಾಗೆ. ನಮಗೆ ಬೇಕಾದದ್ದು ಆ 30. ಟಿಪ್ಪಣಿಗೆ ಹೋಗಿ ಬಂದ ಬಡ್ಡಿಯನ್ನು ಬೇರೆಯಾಗಿ ತೆಗೆಯಿರಿ. ನಗದು ಹರಿವಿನ ಪಟ್ಟಿಯಲ್ಲಿ 'ಪಡೆದ ಬಡ್ಡಿ' ಎಂಬ ಸಾಲಿರುತ್ತದೆ, ಅದರ ಜೊತೆ ಒಮ್ಮೆ ತಾಳೆ ನೋಡಿ. ಎರಡೂ ಅಂಕಿ ಹತ್ತಿರ ಹತ್ತಿರ ಇದ್ದರೆ ಸರಿ. ತುಂಬಾ ದೂರವಿದ್ದರೆ ಬಡ್ಡಿ ಬೇರೆ ಯಾವುದೋ ಹೆಸರಿನಲ್ಲಿ ಕೂತಿದೆ ಎಂದು ಹುಡುಕಿ.

ಪೈಪು ಕಂಪನಿಯ ಒಟ್ಟು ಆದಾಯ 3,000 ಕೋಟಿ, ಬಂದ ಬಡ್ಡಿ 30 ಕೋಟಿ. ಶೇಕಡಾ 1. ಆರಾಮಾಗಿ ಪಾಸು. ಈ 30 ಕೋಟಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಳ್ಳುವ ಖಾತೆಯನ್ನೂ ನೋಡಿ

ಷೇರು ಹಲಾಲ್, ಖಾತೆ ಹರಾಮ್ ಆಗಿರಬಹುದು. ದಲ್ಲಾಳಿ ಸಂಸ್ಥೆಯಲ್ಲಿ ಖಾತೆ ತೆರೆಯುವಾಗ 'ನಗದು ಖಾತೆ' ಕೇಳಿ, 'ಮಾರ್ಜಿನ್ ಖಾತೆ' ಬೇಡ. ಮಾರ್ಜಿನ್ ಅಂದರೆ ದಲ್ಲಾಳಿ ನಿಮಗೆ ಸಾಲ ಕೊಟ್ಟು, ಅದೇ ಸಾಲದಿಂದ ನಿಮ್ಮಿಂದ ಷೇರು ಕೊಳ್ಳಿಸುವುದು. ಸಾಲಕ್ಕೆ ಬಡ್ಡಿ ಬೀಳುತ್ತದೆ. ಬಡ್ಡಿ ಇಲ್ಲ ಅಂದರೂ ಸಾಲ ಕೊಟ್ಟು ತನ್ನ ಮೂಲಕವೇ ವ್ಯಾಪಾರ ಮಾಡಿಸಿ ಕಮಿಷನ್ ಪಡೆಯುವುದು ಇದ್ದೇ ಇದೆ. ಮುಸ್ಲಿಮ್ ವರ್ಲ್ಡ್ ಲೀಗಿನ ಫಿಕ್ಹ್ ಮಂಡಳಿ 2006ರಲ್ಲಿ ಮಕ್ಕಾದಲ್ಲಿ ಸೇರಿದಾಗ ಮಾರ್ಜಿನ್ ವ್ಯಾಪಾರ ಸಲ್ಲದು ಎಂದು ತೀರ್ಮಾನಿಸಿತು.

ಆಮೇಲೆ ಖಾತೆಯ ಸೆಟ್ಟಿಂಗ್ ತೆರೆದು ಎರಡು ವಿಷಯ ಹುಡುಕಿ. ಒಂದು, ಖಾಲಿ ಬಿದ್ದ ಹಣಕ್ಕೆ ಬಡ್ಡಿ ಸೇರಿಸುವ ಸೌಲಭ್ಯ. ಎರಡು, ನಿಮ್ಮ ಷೇರುಗಳನ್ನು ಬೇರೆಯವರಿಗೆ ಸಾಲ ಕೊಡುವ ಒಪ್ಪಿಗೆ. ಈ ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ನಾನು ಖಾತೆ ತೆರೆದ ಒಂದು ಕಡೆ ಒಪ್ಪಿಗೆಯ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದರು. ಹಾಗೆ ಸಾಲ ಹೋದ ಷೇರನ್ನು ಸಾಮಾನ್ಯವಾಗಿ ಶಾರ್ಟ್ ಮಾಡುವವರು ಬಳಸುತ್ತಾರೆ, ಅದರ ಶುಲ್ಕದಲ್ಲಿ ನಿಮಗೊಂದು ಪಾಲು ಬರುತ್ತದೆ. ಎರಡನ್ನೂ ಆಫ್ ಮಾಡಿ.

ಶಾರ್ಟ್ ಮಾರಾಟ ಅಂದರೆ ತನ್ನದಲ್ಲದ ಷೇರನ್ನು ಮಾರುವುದು. "ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ" ಎಂದು ಹಕೀಮ್ ಬಿನ್ ಹಿಝಾಮ್ ಅವರಿಗೆ ಪ್ರವಾದಿ(ಸ) ಹೇಳಿದ ಮಾತು ಇಲ್ಲಿಗೆ ನೇರವಾಗಿ ತಾಗುತ್ತದೆ. ಮುಂದೆ ನಿಗದಿತ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕನ್ನೇ ವ್ಯಾಪಾರ ಮಾಡುವ ಆಪ್ಷನ್ ಒಪ್ಪಂದಗಳನ್ನು ಜಿದ್ದಾ ಅಕಾಡೆಮಿ ಅದೇ 63ನೇ ನಿರ್ಣಯದಲ್ಲಿ ತಳ್ಳಿಹಾಕಿದೆ. ಫ್ಯೂಚರ್ಸ್‌ನಲ್ಲಿ ಹಣವೂ ಈಗ ಕೊಡುವುದಿಲ್ಲ, ಮಾಲೂ ಈಗ ಬರುವುದಿಲ್ಲ. ಎರಡು ಕಡೆಯೂ ಬರೀ ಮಾತು. ಅದೂ ಬೇಡ.

ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವುದು? ಷೇರು ನಿಮ್ಮ ಹೆಸರಿಗೆ ಬರುವ ಮೊದಲೇ ಮಾರಬಹುದೇ ಅನ್ನುವುದು ಇಲ್ಲಿನ ಪ್ರಶ್ನೆ. ವ್ಯವಹಾರ ಆದ ಕ್ಷಣದಿಂದ ಲಾಭ ನಷ್ಟದ ಹೊಣೆ ಕೊಂಡವರ ಮೇಲೆ ಬೀಳುವುದರಿಂದ ಅದನ್ನೇ ವಶ ಎಂದು ತಿಳಿಯುವ ವಿದ್ವಾಂಸರಿದ್ದಾರೆ. ಖಾತೆಗೆ ಬರಲಿ, ಆಮೇಲೆ ಮಾರಿ ಅನ್ನುವವರೂ ಇದ್ದಾರೆ. ಕಾಯುವುದು ಈಗ ಕಷ್ಟದ ಮಾತೇನಲ್ಲ. ಅಮೆರಿಕದ ಮಾರುಕಟ್ಟೆಯಲ್ಲಿ 2024ರ ಮೇ ತಿಂಗಳಿಂದ ಮರುದಿನವೇ ಇತ್ಯರ್ಥ ಆಗುತ್ತದೆ. ಒಂದು ದಿನ ಕಾದರೆ ಸಂಶಯವೇ ಉಳಿಯುವುದಿಲ್ಲ. ಕಂಪನಿ ಏನು ಮಾಡುತ್ತದೆ ಎಂದೂ ತಿಳಿಯದೆ ಬರೀ ದರದ ಏರಿಳಿತಕ್ಕೆ ಹಣ ಕಟ್ಟುವುದು ಮೈಸಿರ್‌ಗೆ, ಅಂದರೆ ಜೂಜಿಗೆ, ಹತ್ತಿರ ಹೋಗುತ್ತದೆ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಲೆಕ್ಕಕ್ಕೆ ಪುರುಸೊತ್ತಿಲ್ಲದವರು ಶರೀಅತ್ ನಿಧಿಗಳನ್ನು ಕೊಳ್ಳಬಹುದು. ಅಲ್ಲೂ ಮೂರು ವಿಷಯ ಕೇಳಿ: ಶರೀಅತ್ ಮಂಡಳಿಯಲ್ಲಿ ಯಾರಿದ್ದಾರೆ, ನಿಧಿ ತನ್ನ ಷೇರುಗಳನ್ನು ಸಾಲ ಕೊಡುತ್ತದೆಯೇ, ಶುದ್ಧೀಕರಣದ (ಅದೇನೆಂದು ಮುಂದೆ ಹೇಳುತ್ತೇನೆ) ಅಂಕಿಯನ್ನು ಪ್ರಕಟಿಸುತ್ತದೆಯೇ.

ಶುದ್ಧೀಕರಣ: ಜನ ಕಡಿಮೆ ಲೆಕ್ಕ ಹಾಕುವ ಜಾಗ

ನಾಲ್ಕೂ ಪರೀಕ್ಷೆ ಪಾಸಾದ ಕಂಪನಿಯಲ್ಲೂ ಸ್ವಲ್ಪ ಬಡ್ಡಿ ಉಳಿದಿರುತ್ತದೆ. ನಿಮ್ಮ ಪಾಲಿನ ಅಷ್ಟನ್ನು ತೆಗೆದು ಬಡವರಿಗೆ, ಜನೋಪಯೋಗಿ ಕೆಲಸಕ್ಕೆ ಕೊಡಬೇಕು. ಎಷ್ಟು ಅನ್ನುವುದರಲ್ಲಿ ಎರಡು ಪದ್ಧತಿಗಳಿವೆ. ಎರಡರ ನಡುವೆ ಎಷ್ಟು ದೊಡ್ಡ ಅಂತರ ಇದೆ ನೋಡಿ.

ನಿಮ್ಮ ಹತ್ತಿರ ಪೈಪು ಕಂಪನಿಯ 200 ಷೇರುಗಳಿವೆ. ಷೇರಿಗೆ 12ರಂತೆ ಲಾಭಾಂಶ ಬಂತು, ಒಟ್ಟು 2,400. ಲಾಭಾಂಶದ ಪದ್ಧತಿಯಲ್ಲಿ ಬಡ್ಡಿ ಆದಾಯ ಶೇಕಡಾ 1 ಇರುವುದರಿಂದ 2,400ರ ಶೇಕಡಾ 1, ಅಂದರೆ 24 ಕೊಟ್ಟರೆ ಮುಗಿಯಿತು. ಲಾಭಾಂಶ ಬರದಿದ್ದರೆ ಏನೂ ಇಲ್ಲ.

ಅಯೋಫಿ ಪದ್ಧತಿ ಬೇರೆ. ಒಟ್ಟು ನಿಷಿದ್ಧ ಆದಾಯವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಬೇಕು. 30 ಕೋಟಿ ಭಾಗಿಸು 10 ಕೋಟಿ, ಷೇರಿಗೆ 3. 200 ಷೇರಿಗೆ 600. ಲಾಭಾಂಶ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಹಣಕಾಸು ವರ್ಷ ಮುಗಿದ ದಿನ ಷೇರು ಯಾರ ಹೆಸರಿನಲ್ಲಿತ್ತೋ ಅವರ ಹೊಣೆ.

ಒಂದು ಕಡೆ 24, ಇನ್ನೊಂದು ಕಡೆ 600. ಇಷ್ಟು ವ್ಯತ್ಯಾಸ ಯಾಕೆ? ಪೈಪು ಮಾರಿ ಬಂದ ಆದಾಯದಲ್ಲಿ ಕಚ್ಚಾಮಾಲು, ಸಂಬಳ, ಕರೆಂಟು ಎಲ್ಲ ಕಳೆಯಬೇಕು. ಬಡ್ಡಿ ಆದಾಯಕ್ಕೆ ಅಂಥ ಖರ್ಚು ಹೆಚ್ಚುಕಡಿಮೆ ಇಲ್ಲ. ಬಂದದ್ದೆಲ್ಲ ನೇರ ಲಾಭಕ್ಕೆ ಇಳಿಯುತ್ತದೆ. ಈ ಕಂಪನಿಯ ತೆರಿಗೆಗೆ ಮುಂಚಿನ ಲಾಭ 300 ಕೋಟಿ ಎಂದುಕೊಳ್ಳಿ. ಆದಾಯದಲ್ಲಿ ಶೇಕಡಾ 1 ಇದ್ದ ಬಡ್ಡಿ ಲಾಭದಲ್ಲಿ ಶೇಕಡಾ 10 ಆಯಿತು! ಅದೂ ಅಲ್ಲದೆ ಲಾಭದಲ್ಲಿ ಹಂಚದೆ ಉಳಿಸಿಕೊಂಡ ಭಾಗದಲ್ಲೂ ಬಡ್ಡಿ ಇದೆ, ಆ ಭಾಗವೂ ನಿಮ್ಮದೇ. ಲೆಕ್ಕಪತ್ರ ಓದುವವಳಾಗಿ ನನಗೆ 600 ಸರಿ ಕಾಣುತ್ತದೆ, ನಾನು ಅದನ್ನೇ ಕೊಡುತ್ತೇನೆ. ನಿಮ್ಮ ಆಲಿಮರು ಇನ್ನೊಂದನ್ನು ಒಪ್ಪಿದರೆ ಅದರಂತೆ ಮಾಡಿ, ಆದರೆ ಲಾಭದಲ್ಲಿ ಬಡ್ಡಿಯ ಪಾಲು ಎಷ್ಟು ಅಂತ ಒಮ್ಮೆ ಅವರಿಗೆ ತೋರಿಸಿ ಕೇಳಿ.

ಈ ಹಣ ದಾನವಲ್ಲ. ಪುಣ್ಯದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ, ವರ್ಷಕ್ಕೊಮ್ಮೆ ಕೊಡಲೇಬೇಕಾದ ಕಡ್ಡಾಯ ದಾನವಾದ ಝಕಾತ್‌ಗೆ ಹೊಂದಿಸುವ ಹಾಗಿಲ್ಲ, ತೆರಿಗೆ ಕಟ್ಟಲು ಬಳಸುವ ಹಾಗಿಲ್ಲ. ಯಾವ ರೀತಿಯಲ್ಲೂ ನಿಮ್ಮ ಉಪಯೋಗಕ್ಕೆ ಬರಬಾರದು.

ಝಕಾತ್

ಮಾರಿ ಲಾಭ ಮಾಡಲೆಂದೇ ಕೊಂಡ ಷೇರು ವ್ಯಾಪಾರದ ಸರಕಿದ್ದಂತೆ. ಝಕಾತ್ ದಿನದ ಮಾರುಕಟ್ಟೆ ದರದ ಮೇಲೆ ಶೇಕಡಾ 2.5. ನಮ್ಮ 200 ಷೇರಿಗೆ 80,000 ಮೌಲ್ಯ, ಝಕಾತ್ 2,000.

ವರ್ಷಗಟ್ಟಲೆ ಇಟ್ಟುಕೊಳ್ಳುವ ಷೇರಾದರೆ ಕಂಪನಿಯ ಕಾರ್ಖಾನೆ, ಯಂತ್ರಗಳಿಗೆ ಝಕಾತ್ ಇಲ್ಲ. ನಗದು, ಬರಬೇಕಾದ ಬಾಕಿ, ಮಾರಾಟದ ಸರಕು ಇವುಗಳಲ್ಲಿ ನಿಮ್ಮ ಪಾಲಿಗೆ ಮಾತ್ರ ಇದೆ. ಪೈಪು ಕಂಪನಿಯಲ್ಲಿ ಇವೆಲ್ಲ ಸೇರಿ 1,500 ಕೋಟಿ ಅಂತಾದರೆ ಷೇರಿಗೆ 150. 200 ಷೇರಿಗೆ 30,000, ಅದರ ಶೇಕಡಾ 2.5 ಅಂದರೆ 750. ಕಂಪನಿಯ ಲೆಕ್ಕ ತಿಳಿಯುವ ದಾರಿಯೇ ಇಲ್ಲದವರಿಗೆ, ಲಾಭಾಂಶಕ್ಕಾಗಿ ಇಟ್ಟ ಷೇರಿನಲ್ಲಿ ಲಾಭಾಂಶದ ಮೇಲೆ ಮಾತ್ರ ಝಕಾತ್ ಎಂದು ಜಿದ್ದಾ ಅಕಾಡೆಮಿ 1988ರಲ್ಲಿ ಹೇಳಿತ್ತು. ವರದಿ ಓದಲು ಕಲಿತವರು ಆ ದಾರಿ ಹಿಡಿಯಬೇಕಿಲ್ಲ. ಸೌರ ವರ್ಷದ ತಾರೀಕು ಇಟ್ಟುಕೊಂಡು ಕೊಡುವವರು 2.5ರ ಬದಲು 2.577 ಹಿಡಿಯಬೇಕು, ಚಾಂದ್ರ ವರ್ಷ ಚಿಕ್ಕದಲ್ವಾ.

ಪಾಸಾಗಿದ್ದ ಕಂಪನಿ ಫೇಲಾದರೆ

ಪ್ರತಿ ವಾರ್ಷಿಕ ವರದಿ ಬಂದಾಗ ಲೆಕ್ಕ ಮತ್ತೆ ಹಾಕಿ. ಫೇಲಾದರೆ ಏನು ಮಾಡಬೇಕೆಂದು ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನ್ ಸ್ಪಷ್ಟ ನಿಯಮ ಇಟ್ಟಿದೆ. ಅದು ಪ್ರತಿ ವರ್ಷ ಮೇ ಮತ್ತು ನವೆಂಬರ್‌ನಲ್ಲಿ ಶರೀಅತ್‌ಗೆ ಒಪ್ಪುವ ಷೇರುಗಳ ಪಟ್ಟಿ ಪ್ರಕಟಿಸುತ್ತದೆ. ಮೊದಲು ಪಟ್ಟಿಯಲ್ಲಿದ್ದ ಕಂಪನಿ ಅದರಿಂದ ಹೊರಬಿದ್ದ ದಿನ ನಿಮ್ಮ ಷೇರಿನ ದರ ನೀವು ಹಾಕಿದ ಹಣಕ್ಕಿಂತ ಮೇಲಿದ್ದರೆ ಮಾರಿಬಿಡಬೇಕು. ಆ ದಿನದವರೆಗಿನ ಲಾಭ ನಿಮ್ಮದು. ತಡಮಾಡಿ ಆಮೇಲೆ ಜಾಸ್ತಿ ಬಂದರೆ ಆ ಹೆಚ್ಚಿನದು ನಿಮ್ಮದಲ್ಲ, ದಾನಕ್ಕೆ ಹೋಗಬೇಕು. ದರ ಕೆಳಗಿದ್ದರೆ ಹಾಕಿದ ಹಣ ವಾಪಸು ಬರುವವರೆಗೆ ಇಟ್ಟುಕೊಳ್ಳಬಹುದು. ನನಗೆ ಈ ನಿಯಮ ನ್ಯಾಯವಾಗಿ ಕಾಣುತ್ತದೆ, ಎಲ್ಲ ಷೇರುಗಳಿಗೂ ಇದನ್ನೇ ಬಳಸುತ್ತೇನೆ. ಕೊಂಡ ದರ, ಕೊಂಡ ದಿನ, ಅನುಪಾತಗಳು, ಶುದ್ಧೀಕರಣದ ಮೊತ್ತ, ಕೊಟ್ಟ ದಿನ: ಪ್ರತಿ ಕಂಪನಿಗೆ ಒಂದು ಪುಟದಲ್ಲಿ ಇಷ್ಟನ್ನು ಬರೆದಿಟ್ಟರೆ ಮನೆಯವರಿಗೂ ಮುಂದೆ ಗೊತ್ತಾಗುತ್ತದೆ.

ಕಂಪನಿಗೆ ಹೇಳಿ

ತಖೀ ಉಸ್ಮಾನಿಯವರ ಷರತ್ತುಗಳಲ್ಲಿ ಆ್ಯಪ್‌ಗಳು ಎಂದೂ ತೋರಿಸದ ಒಂದು ಷರತ್ತಿದೆ. ಬಡ್ಡಿ ವ್ಯವಹಾರ ತನಗೆ ಒಪ್ಪಿಗೆಯಿಲ್ಲ ಎಂದು ಷೇರುದಾರ ದನಿ ಎತ್ತಬೇಕು, ಸಾಧ್ಯವಾದರೆ ವಾರ್ಷಿಕ ಸಭೆಯಲ್ಲೇ. 200 ಷೇರಿನ ಮಾತು ಯಾರು ಕೇಳುತ್ತಾರೆ ಎಂದು ಇದನ್ನು ಬಿಡುವವರೇ ಜಾಸ್ತಿ. ಮಾಲೀಕರಾಗಿ ನಮ್ಮ ಹೆಸರಿನಲ್ಲಿ ನಡೆಯುವುದಕ್ಕೆ ಒಪ್ಪಿಲ್ಲ ಎಂದು ಹೇಳುವುದು ನಮ್ಮ ಪಾಲಿನ ಕೆಲಸ. ಸಭೆಯ ನೋಟಿಸ್ ಬಂದಾಗ ಪ್ರಶ್ನೆ ಕಳಿಸಲು ಒಂದು ಇಮೇಲ್ ವಿಳಾಸ ಕೊಟ್ಟಿರುತ್ತಾರೆ. ನಾನು ಕಳಿಸುವ ಪತ್ರ ಇಷ್ಟು:

"ನಾನು ತಮ್ಮ ಕಂಪನಿಯ ಷೇರುದಾರಳು. ವಾರ್ಷಿಕ ವರದಿಯ ಪ್ರಕಾರ ಕಂಪನಿ ಠೇವಣಿಗಳಿಂದ ಬಡ್ಡಿ ಪಡೆದಿದೆ, ಬಡ್ಡಿಯ ಮೇಲೆ ಸಾಲವನ್ನೂ ಪಡೆದಿದೆ. ನನ್ನ ಧರ್ಮದ ಪ್ರಕಾರ ಎರಡಕ್ಕೂ ನನ್ನ ಒಪ್ಪಿಗೆ ಇಲ್ಲ ಎಂದು ದಾಖಲಿಸಲು ಕೋರುತ್ತೇನೆ. ಮಿಕ್ಕ ಹಣವನ್ನು ಬಡ್ಡಿರಹಿತ ಖಾತೆಯಲ್ಲಿ ಇಡುವ, ಮುಂದಿನ ಬಂಡವಾಳವನ್ನು ಷೇರು ಅಥವಾ ಸುಕೂಕ್ (ಆಸ್ತಿಯಲ್ಲಿ ಪಾಲು ಕೊಡುವ ಬಡ್ಡಿರಹಿತ ಪತ್ರ) ಮೂಲಕ ಪಡೆಯುವ ಬಗ್ಗೆ ಆಡಳಿತ ಮಂಡಳಿ ಯೋಚಿಸಿದೆಯೇ? ಒಟ್ಟು ಬಡ್ಡಿ ಆದಾಯವನ್ನು ಮುಂದಿನ ವರದಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕೆಂದೂ ವಿನಂತಿ."